ಜೇಬಿನ ಪಿಸ್ತೂಲಿಗೆ ಯಾವ ತೋಟಾ?

ನನ್ನ ಮುಂದೆ ಟೇಬಲ್ ಮೇಲೆ ಎರಡು ತೋಟಾಗಳಿವೆ. ಎರಡೂ .380 ಎಸಿಪಿ, ಅಂದರೆ ಜೇಬಿನ ಪಿಸ್ತೂಲಿಗೆ ಹಾಕುವ ಒಂದು ಅಳತೆಯವು. ಎರಡೂ ಕಿರುಬೆರಳಿನ ಒಂದು ಗೆಣ್ಣಿನಷ್ಟು ಉದ್ದ. ಒಂದರ ತುದಿ ಗುಂಡಗೆ, ನುಣ್ಣಗೆ ಇದೆ. ಹೊಸ ತಾಮ್ರದ ಚೊಂಬಿನ ಹಾಗೆ ಹೊಳೆಯುತ್ತದೆ. ಇನ್ನೊಂದರ ತುದಿಯಲ್ಲಿ ಒಂದು ಪುಟ್ಟ ಗುಳಿ. ಬೆಂಕಿಕಡ್ಡಿಯ ತಲೆ ಅದರೊಳಗೆ ಹೆಚ್ಚುಕಮ್ಮಿ ಕೂತುಬಿಡುತ್ತದೆ. ಗುಂಡಗಿನದು 50ರ ಪೆಟ್ಟಿಗೆಯಲ್ಲಿ ಬರುತ್ತದೆ. ಗುಳಿಯದ್ದು 20 ಅಥವಾ 25ರ ಪೆಟ್ಟಿಗೆಯಲ್ಲಿ ಬರುತ್ತದೆ, ಒಂದೊಂದರ ಬೆಲೆಯೂ ಜಾಸ್ತಿ.

ಅಮೆರಿಕದಲ್ಲಿ ನೆಲೆಸಿರುವ ನಮ್ಮವರಲ್ಲಿ ಕೆಲವರು ಈಗ ಲೈಸೆನ್ಸ್ ಪಡೆದು ಚಿಕ್ಕ ಪಿಸ್ತೂಲು ಇಟ್ಟುಕೊಳ್ಳುತ್ತಾರೆ. ರಾತ್ರಿ ಪಾಳಿ ಮುಗಿಸಿ ಬರುವ ನರ್ಸ್ ಇರಬಹುದು, ಹೆದ್ದಾರಿ ಪಕ್ಕ ಮೋಟೆಲ್ ನಡೆಸುವವರಿರಬಹುದು. ಅವರು ಕೇಳುವ ಮೊದಲ ಪ್ರಶ್ನೆ ಇದೇ: ಇದಕ್ಕೆ ಯಾವ ತೋಟಾ ಹಾಕಬೇಕು? ಅಂಗಡಿಯವನು ಗುಳಿ ಇರುವುದನ್ನು ಕೊಡುತ್ತಾನೆ. ದೊಡ್ಡ ಪಿಸ್ತೂಲಿಗೆ ಆ ಉತ್ತರ ಸರಿ. ಜೇಬಿನ ಪಿಸ್ತೂಲಿಗೆ ಅದು ಅಷ್ಟು ಸುಲಭವಲ್ಲ. ಯಾಕೆ ಅಂತ ಇಲ್ಲಿ ಬಿಡಿಸಿ ಹೇಳುತ್ತೇನೆ.

ಅದಕ್ಕೂ ಮೊದಲು ಒಂದು ಮುಖ್ಯ ಮಾತು. ಎಚ್-1ಬಿ, ಎಫ್-1 ಥರದ ತಾತ್ಕಾಲಿಕ ವೀಸಾದಲ್ಲಿ ಇರುವವರು ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ಸಾಮಾನ್ಯವಾಗಿ ಬಂದೂಕು ಇಟ್ಟುಕೊಳ್ಳುವ ಹಾಗಿಲ್ಲ. ತೋಟಾ ಕೂಡ ಇಟ್ಟುಕೊಳ್ಳುವ ಹಾಗಿಲ್ಲ. ಬೇಟೆ ಲೈಸೆನ್ಸ್ ಇದ್ದವರಿಗೆ ಇರುವಂಥ ಕೆಲವು ವಿನಾಯಿತಿಗಳಿವೆ. ಆದರೆ ವಕೀಲರನ್ನು ಕೇಳದೆ ಅದನ್ನು ನಂಬಿಕೊಂಡು ಹೋಗಬೇಡಿ. ಒಂದು ತಪ್ಪಿಗೆ ವೀಸಾ, ಕೆಲಸ, ಮಕ್ಕಳ ಶಾಲೆ ಎಲ್ಲಾ ಹೋಗುತ್ತದೆ. ಗ್ರೀನ್ ಕಾರ್ಡ್ ಇರುವವರಿಗೆ ಮತ್ತು ಪೌರರಿಗೆ ಈ ತಡೆ ಇಲ್ಲ. ಆದರೂ ರಾಜ್ಯಕ್ಕೊಂದು ಕಾನೂನು ಇದ್ದೇ ಇದೆ.

ನಾವು ಮಾತಿನಲ್ಲಿ ಇಡೀ ವಸ್ತುವನ್ನೇ ‘ಗುಂಡು’ ಅಂದುಬಿಡುತ್ತೇವೆ. ನಿಜವಾಗಿ ಗುಂಡು ಅಂದರೆ ಹಾರಿಹೋಗುವ ತುದಿ ಮಾತ್ರ. ಹಿತ್ತಾಳೆಯ ಕೊಳವೆ, ಅದರೊಳಗಿನ ಮದ್ದು, ಬುಡದಲ್ಲಿ ಕಿಡಿ ಹುಟ್ಟಿಸುವ ಪ್ರೈಮರ್, ಮೇಲೆ ಕೂತ ಗುಂಡು, ಇವೆಲ್ಲ ಸೇರಿದರೆ ತೋಟಾ. ಮಲೆನಾಡು, ಕೊಡಗಿನ ಕಡೆಯವರಿಗೆ ಈ ಮಾತು ಹೊಸದೇನಲ್ಲ. ಅಲ್ಲಿ ತೋಟ ಕಾಯುವ ಕೋವಿಗೂ ತೋಟಾನೇ ಬೇಕು.

ಗುಂಡಿನ ತೂಕವನ್ನು ಗ್ರೇನ್ ಲೆಕ್ಕದಲ್ಲಿ ಹೇಳುತ್ತಾರೆ. ಪೆಟ್ಟಿಗೆ ಮೇಲೆ ‘90 ಗ್ರೇನ್’ ಅಂತ ಬರೆದಿರುತ್ತದೆ. ಇದು ಮದ್ದಿನ ತೂಕ ಅಂದುಕೊಳ್ಳುವವರು ಬಹಳ ಜನ. ಅಲ್ಲ, ಅದು ಗುಂಡಿನ ತೂಕ. ಒಂದು ಗ್ರೇನ್ ಅಂದರೆ 0.0648 ಗ್ರಾಂ. ನಮ್ಮ ಅಕ್ಕಸಾಲಿಗರ ಗುಲಗಂಜಿಯ ಸುಮಾರು ಅರ್ಧ. ಹಾಗಾಗಿ 90 ಗ್ರೇನಿನ ಗುಂಡು ಆರು ಗ್ರಾಂಗೂ ಸ್ವಲ್ಪ ಕಮ್ಮಿ. ಒಂದು ತೆಳು ಉಂಗುರದ ಭಾರ ಅಷ್ಟೆ.

ಈ .380 ಎಸಿಪಿ ಹಳೆಯ ತೋಟಾ. ಜಾನ್ ಮೋಸೆಸ್ ಬ್ರೌನಿಂಗ್ ಇದನ್ನು ರೂಪಿಸಿದರು. 1908ರಲ್ಲಿ ಕೋಲ್ಟ್ ಕಂಪನಿಯ ಜೇಬು ಪಿಸ್ತೂಲಿನ ಜೊತೆ ಇದು ಹೊರಬಂತು. ಯುರೋಪಿನಲ್ಲಿ ಇದಕ್ಕೆ 9 ಎಂಎಂ ಕುರ್ಜ್, 9 ಎಂಎಂ ಕೋರ್ಟೊ ಅನ್ನುವ ಹೆಸರುಗಳಿವೆ. ಎರಡಕ್ಕೂ ‘ಗಿಡ್ಡ’ ಅಂತಲೇ ಅರ್ಥ. ಪೊಲೀಸರು ಬಳಸುವ 9 ಎಂಎಂ ಲ್ಯೂಗರ್ ಗುಂಡಿನಷ್ಟೇ ದಪ್ಪ ಇದರ ಗುಂಡೂ. ಆದರೆ ಲ್ಯೂಗರ್ ಕೊಳವೆಯ ಉದ್ದ 19 ಮಿಲಿಮೀಟರ್, ಇದರದ್ದು 17. ಒತ್ತಡದಲ್ಲಂತೂ ಅಜಗಜಾಂತರ. ಲ್ಯೂಗರ್‌ಗೆ ಚದರ ಇಂಚಿಗೆ 35,000 ಪೌಂಡ್ ಮಿತಿ, .380ಕ್ಕೆ 21,500.

ಚಿಕ್ಕದು ಅಂತ ಆಟದ ಸಾಮಾನು ಅಂದುಕೊಳ್ಳಬೇಡಿ. 1914ರ ಜೂನ್ 28ರಂದು ಸರಾಯೆವೊದಲ್ಲಿ ಆಸ್ಟ್ರಿಯಾದ ಯುವರಾಜ ಫ್ರಾಂಜ್ ಫರ್ಡಿನಾಂಡ್‌ರನ್ನು ಕೊಂದದ್ದು ಇದೇ ತೋಟಾ. 1948ರ ಜನವರಿ 30ರಂದು ದಿಲ್ಲಿಯಲ್ಲಿ ಗಾಂಧೀಜಿಯವರ ಮೇಲೆ ಹಾರಿದ ಬೆರೆಟ್ಟಾ ಪಿಸ್ತೂಲಿನಲ್ಲಿ ಇದ್ದದ್ದೂ ಇದೇ. ಇದನ್ನು ಬರೆಯುವಾಗ ಕೈ ಸ್ವಲ್ಪ ತಡೆಯುತ್ತದೆ. ಆದರೂ ಬರೆಯುತ್ತೇನೆ. ‘ಸಣ್ಣದು, ಸುಮ್ನೆ ಹೆದರಿಸೋಕೆ’ ಅಂತ ಪಿಸ್ತೂಲು ಕೊಳ್ಳುವವರನ್ನು ನಾನು ನೋಡಿದ್ದೇನೆ. ಹೆದರಿಸುವ ಪಿಸ್ತೂಲು ಅಂತ ಯಾವುದೂ ಇಲ್ಲ.

ಆಗಿನ ಕೋಲ್ಟ್ ಜೇಬಿನದ್ದೇ ಆದರೂ ನಳಿಗೆ 3.75 ಇಂಚು ಉದ್ದ ಇತ್ತು. ಪೂರ್ತಿ ಉಕ್ಕಿನದು, ಅರ್ಧ ಕಿಲೋಗಿಂತ ಚೆನ್ನಾಗಿಯೇ ಜಾಸ್ತಿ ತೂಗುತ್ತಿತ್ತು. 2003ರಲ್ಲಿ ಕೆಲ್-ಟೆಕ್ ಪಿ-3ಎಟಿ ಬಂತು, 2008ರಲ್ಲಿ ರೂಗರ್ ಎಲ್‌ಸಿಪಿ ಬಂತು. ಎಲ್‌ಸಿಪಿ ನಳಿಗೆ 2.75 ಇಂಚು, ತೂಕ ಸುಮಾರು 270 ಗ್ರಾಂ. ಒಂದು ದೊಡ್ಡ ಮೊಬೈಲ್ ಫೋನಿಗಿಂತ ಸ್ವಲ್ಪ ಭಾರ. ನಮ್ಮ ಸಮಸ್ಯೆ ಶುರುವಾಗುವುದು ಇಲ್ಲೇ. ಮದ್ದು ಉರಿದು ಗುಂಡನ್ನು ತಳ್ಳುವುದು ಅದು ನಳಿಗೆಯೊಳಗೆ ಇರುವಷ್ಟು ಹೊತ್ತು ಮಾತ್ರ. ನಳಿಗೆ ಒಂದು ಇಂಚು ಗಿಡ್ಡವಾದರೆ ವೇಗ ಬೀಳುತ್ತದೆ. ಪೆಟ್ಟಿಗೆ ಮೇಲೆ ಸೆಕೆಂಡಿಗೆ 1000 ಅಡಿ ಅಂತ ಬರೆದಿದ್ದರೆ ಅದು ಸಾಮಾನ್ಯವಾಗಿ ಉದ್ದ ನಳಿಗೆಯಲ್ಲಿ ಅಳೆದದ್ದು. ನಿಮ್ಮ ಜೇಬಿನದ್ದರಲ್ಲಿ ಅದು 900ಕ್ಕೆ, ಅದಕ್ಕೂ ಕೆಳಗೆ ಇಳಿಯಬಹುದು. ಇರುವುದೇ ಕಮ್ಮಿ ಶಕ್ತಿ, ಅದರಲ್ಲೂ ಖೋತಾ.

ಮಯಾಮಿಯಲ್ಲಿ ಆದದ್ದು

ಗುಂಡು ಎಷ್ಟು ಆಳ ಹೋಗಬೇಕು ಅನ್ನುವ ಲೆಕ್ಕದ ಹಿಂದೆ ಒಂದು ದಿನ ಇದೆ: 1986ರ ಏಪ್ರಿಲ್ 11. ಫ್ಲೋರಿಡಾದ ಮಯಾಮಿಯಲ್ಲಿ ಎಫ್‌ಬಿಐನವರು ಇಬ್ಬರು ಬ್ಯಾಂಕ್ ದರೋಡೆಕೋರರನ್ನು ಅಡ್ಡಗಟ್ಟಿದರು. ಗುಂಡಿನ ಕಾಳಗ ಆಯಿತು. ಶುರುವಿನಲ್ಲೇ ಏಜೆಂಟ್ ಒಬ್ಬರ 9 ಎಂಎಂ ಗುಂಡು ದರೋಡೆಕೋರರಲ್ಲಿ ಒಬ್ಬನ ತೋಳನ್ನು ಹಾದು ಎದೆಯೊಳಗೆ ಹೋಯಿತು. ಅದು ಗುಳಿ ಇರುವ ಗುಂಡು. ಹೇಗೆ ಅರಳಬೇಕಿತ್ತೋ ಹಾಗೇ ಅರಳಿತು. ಆದರೆ ಹೃದಯ ಮುಟ್ಟುವ ಮೊದಲೇ, ಸುಮಾರು ಒಂದು ಇಂಚು ದೂರದಲ್ಲಿ ನಿಂತುಹೋಯಿತು. ಆ ಗಾಯ ಬದುಕುಳಿಯುವಂಥದ್ದಾಗಿರಲಿಲ್ಲ. ಆದರೆ ಅವನು ತಕ್ಷಣ ಬೀಳಲಿಲ್ಲ. ಅದಾದ ಮೇಲೂ ಕಾದಾಡಿದ. ಇಬ್ಬರು ಏಜೆಂಟರು ಸತ್ತರು, ಐವರು ಗಾಯಗೊಂಡರು.

ಇದಾದ ಮೇಲೆ ಎಫ್‌ಬಿಐ ಕೂತು ಲೆಕ್ಕ ಹಾಕಿತು. ಪಿಸ್ತೂಲಿನ ಗುಂಡಿಗೆ ಯಾರನ್ನೂ ಹಿಂದಕ್ಕೆ ಎಸೆಯುವ ಶಕ್ತಿ ಇಲ್ಲ, ಅದು ಸಿನಿಮಾದಲ್ಲಿ ಮಾತ್ರ. ದಾಳಿ ಮಾಡುವವನು ನಿಲ್ಲುವುದು ಎರಡು ರೀತಿಯಲ್ಲಿ. ಒಂದು, ಅವನೇ ಹೆದರಿ ಅಥವಾ ನೋವಿಗೆ ನಿಲ್ಲಿಸುತ್ತಾನೆ. ಇನ್ನೊಂದು, ದೇಹಕ್ಕೆ ಮುಂದುವರಿಯಲು ಆಗದ ಹಾಗೆ ಆಗುತ್ತದೆ. ಎರಡನೆಯದು ಆಗಬೇಕಾದರೆ ಗುಂಡು ಒಳಗಿನ ಮುಖ್ಯ ಅಂಗ ಮುಟ್ಟಬೇಕು. ಎದುರಿನವನು ಯಾವಾಗಲೂ ನೆಟ್ಟಗೆ ನಿಂತಿರುವುದಿಲ್ಲ. ಪಕ್ಕಕ್ಕೆ ತಿರುಗಿರುತ್ತಾನೆ, ತೋಳು ಅಡ್ಡ ಬರುತ್ತದೆ, ದಪ್ಪ ಜಾಕೆಟ್ ಇರುತ್ತದೆ. ಹಾಗಾಗಿ ಕನಿಷ್ಠ 12 ಇಂಚು ಆಳ ಬೇಕು, 18 ಇಂಚಿಗಿಂತ ಜಾಸ್ತಿ ಬೇಡ ಅನ್ನುವ ಅಳತೆ ಬಂತು.

ಅಳೆಯುವುದು ಜೆಲಾಟಿನ್ ಗಟ್ಟಿಯಲ್ಲಿ. ನೂರಕ್ಕೆ ಹತ್ತು ಪಾಲು ಜೆಲಾಟಿನ್, ಮಿಕ್ಕಿದ್ದು ನೀರು, 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಣ್ಣಗೆ ಇಟ್ಟದ್ದು. ಅಮೆರಿಕದ ಸೇನಾ ಶಸ್ತ್ರವೈದ್ಯ ಮಾರ್ಟಿನ್ ಫ್ಯಾಕ್ಲರ್ ಈ ಪದ್ಧತಿಯನ್ನು ಗಟ್ಟಿ ನೆಲೆಗೆ ತಂದವರು. ಗಟ್ಟಿ ಸರಿಯಾಗಿ ಹದಕ್ಕೆ ಬಂದಿದೆಯಾ ಅಂತ ನೋಡಲು ಮೊದಲು ಒಂದು ಪುಟ್ಟ ಉಕ್ಕಿನ ಚೆಂಡನ್ನು ಸೆಕೆಂಡಿಗೆ 590 ಅಡಿ ವೇಗದಲ್ಲಿ ಹೊಡೆಯುತ್ತಾರೆ. ಅದು ಸುಮಾರು 8.5 ಸೆಂಟಿಮೀಟರ್ ಹೋದರೆ ಹದ ಸರಿ. ಪಾಕ ಒಂದೆಳೆ ಬಂತಾ ಅಂತ ಬೆರಳಲ್ಲಿ ನೋಡುವ ಹಾಗೆ. ಆಮೇಲೆ ನಿಜವಾದ ತೋಟಾ. ಗಟ್ಟಿ ಅಂದರೆ ದೇಹ ಅಲ್ಲ, ಅದರಲ್ಲಿ ಎಲುಬಿಲ್ಲ. ಆದರೆ ಒಂದು ತೋಟಾವನ್ನು ಇನ್ನೊಂದರ ಜೊತೆ ಹೋಲಿಸಲು ಇದಕ್ಕಿಂತ ನಂಬಿಕೆಯ ಅಳತೆ ಬೇರೆ ಇಲ್ಲ. ಕೆಲವರು ಪಾರದರ್ಶಕ ಕೃತಕ ಗಟ್ಟಿಗೆ ಹೊಡೆದು ವಿಡಿಯೋ ಮಾಡುತ್ತಾರೆ. ನೋಡಲು ಚೆಂದ. ಆದರೆ ಅದರ ಆಳದ ಲೆಕ್ಕ ನಿಜವಾದ ಜೆಲಾಟಿನ್ ಲೆಕ್ಕಕ್ಕೆ ನೇರವಾಗಿ ಹೊಂದುವುದಿಲ್ಲ.

ಕೊಡೆ ಬಿಚ್ಚಿದರೆ ಓಟ ನಿಲ್ಲುತ್ತದೆ

ಈಗ ಆ ಗುಳಿಯ ವಿಷಯ. ಗುಳಿ ಇರುವ ಗುಂಡಿಗೆ ಹಾಲೋ ಪಾಯಿಂಟ್ ಅನ್ನುತ್ತಾರೆ. ಮೈಯೊಳಗೆ ಹೋದಾಗ ಗುಳಿಯೊಳಗೆ ನೀರಿನಂಶ ನುಗ್ಗಿ ಒತ್ತಿ, ಗುಂಡಿನ ತುದಿ ಹೂವಿನ ಎಸಳಿನ ಹಾಗೆ ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ. 9 ಮಿಲಿಮೀಟರ್ ದಪ್ಪದ ಗುಂಡು 13 ಮಿಲಿಮೀಟರ್ ಆಯಿತು ಅನ್ನಿ. ಅದರ ಎದುರು ಮುಖದ ವಿಸ್ತೀರ್ಣ ಎರಡರಷ್ಟಾಯಿತು.

ಮಳೆಗಾಲದ ಗಾಳಿಯಲ್ಲಿ ಕೊಡೆ ಮಡಚಿ ಓಡಿ ನೋಡಿ. ಆಮೇಲೆ ಅದನ್ನೇ ಬಿಚ್ಚಿ ಗಾಳಿಗೆ ಎದುರು ಹಿಡಿದು ಓಡಿ. ಬಿಚ್ಚಿದ ಕೊಡೆ ಜಾಸ್ತಿ ಗಾಳಿ ತಳ್ಳುತ್ತದೆ, ಆದರೆ ನಿಮ್ಮ ಓಟ ಬೇಗ ನಿಲ್ಲುತ್ತದೆ. ಗುಂಡಿನದ್ದೂ ಇದೇ ಕಥೆ. 9 ಎಂಎಂ ಲ್ಯೂಗರ್ ಗುಂಡಿನ ಶಕ್ತಿ ಸುಮಾರು 480ರಿಂದ 500 ಜೂಲ್. ಅದು ಕೊಡೆ ಬಿಚ್ಚಿಕೊಂಡೇ 12 ಇಂಚು ದಾಟಬಲ್ಲದು. .380ರ ಶಕ್ತಿ ಪೆಟ್ಟಿಗೆ ಲೆಕ್ಕದಲ್ಲೇ ಸುಮಾರು 270 ಜೂಲ್, ಜೇಬಿನ ನಳಿಗೆಯಲ್ಲಿ 200ರ ಹತ್ತಿರ. ಅದು ಪೂರ್ತಿ ಅರಳಿದರೆ ಎಷ್ಟೋ ಸಲ ಎಂಟು, ಒಂಬತ್ತು ಇಂಚಿಗೇ ನಿಲ್ಲುತ್ತದೆ. ಅರಳದೆ ಹೋದರೆ ಗುಂಡಗಿನ ಗುಂಡಿನ ಹಾಗೆ 18 ಇಂಚು ದಾಟಿಯೂ ಹೋಗುತ್ತದೆ.

ಇದೇ ಚಿಕ್ಕ ಪಿಸ್ತೂಲಿನ ಗಂಟು. ಅಗಲ ಬೇಕೆಂದರೆ ಆಳ ಬಿಡಬೇಕು. ಆಳ ಬೇಕೆಂದರೆ ಅಗಲ ಬಿಡಬೇಕು. ಎರಡೂ ಕೊಡುತ್ತೇವೆ ಅಂತ ಪೆಟ್ಟಿಗೆ ಮೇಲೆ ಬರೆದಿರುತ್ತದೆ. ಎರಡಕ್ಕೂ ಸಾಲುವಷ್ಟು ಶಕ್ತಿ ಆ ಪುಟ್ಟ ಕೊಳವೆಯಲ್ಲಿ ಇಲ್ಲ.

ಇದರ ಮೇಲೆ ಬಟ್ಟೆಯ ಕಾಟ ಬೇರೆ. ಚಿಕಾಗೋ ಚಳಿಯಲ್ಲಿ ಜನ ಎಷ್ಟು ಪದರ ಬಟ್ಟೆ ಹಾಕುತ್ತಾರೆ ಅಂತ ಅಲ್ಲಿದ್ದವರಿಗೆ ಗೊತ್ತು. ದಪ್ಪ ಬಟ್ಟೆ ಹಾದುಹೋಗುವಾಗ ನೂಲಿನ ತುಂಡು ಗುಳಿಯೊಳಗೆ ಬಿರಡೆಯ ಹಾಗೆ ಕೂತುಬಿಡುತ್ತದೆ. ಆಗ ನೀರಿನಂಶ ಒಳಗೆ ನುಗ್ಗಲು ಜಾಗ ಇಲ್ಲ. ಗುಂಡು ಅರಳುವುದಿಲ್ಲ. ಅದಕ್ಕೇ ಪರೀಕ್ಷೆ ಮಾಡುವವರು ಜೆಲಾಟಿನ್ ಎದುರಿಗೆ ನಾಲ್ಕು ಪದರ ಡೆನಿಮ್ ಬಟ್ಟೆ ಕಟ್ಟುತ್ತಾರೆ. ವೇಗ ಕಮ್ಮಿ ಇದ್ದಷ್ಟೂ ಈ ಬಿರಡೆ ಜಾಸ್ತಿ ಕಾಡುತ್ತದೆ. ಜೇಬಿನ ಪಿಸ್ತೂಲಿನಲ್ಲಿ ವೇಗವೇ ಕಮ್ಮಿ ಅಲ್ವಾ?

ಕಂಪನಿಗಳು ಇದಕ್ಕೆ ಬೇರೆಬೇರೆ ದಾರಿ ಹುಡುಕಿವೆ. ಹಾರ್ನಡಿಯವರ ಕ್ರಿಟಿಕಲ್ ಡಿಫೆನ್ಸ್ ತೋಟಾದಲ್ಲಿ ಗುಳಿಯನ್ನು ಮೊದಲೇ ಒಂದು ಕೆಂಪು ಪಾಲಿಮರ್ ತುಂಡಿನಿಂದ ಮುಚ್ಚಿರುತ್ತಾರೆ. ಬಟ್ಟೆ ಒಳಗೆ ಹೋಗುವುದಿಲ್ಲ, ತಗುಲಿದಾಗ ಆ ತುಂಡೇ ಹಿಂದಕ್ಕೆ ಒತ್ತಿ ಗುಂಡನ್ನು ಅರಳಿಸುತ್ತದೆ. ಅವರದೇ 90 ಗ್ರೇನಿನ ಎಕ್ಸ್‌ಟಿಪಿ ಗುಂಡು ಬೇರೆ ಥರ. ಅದು ಬೇಕೆಂತಲೇ ಸ್ವಲ್ಪ ಮಾತ್ರ ಅರಳುತ್ತದೆ. ಫೆಡರಲ್ ಕಂಪನಿಯ 99 ಗ್ರೇನಿನ ಎಚ್‌ಎಸ್‌ಟಿ ಸ್ವಲ್ಪ ಭಾರದ ಗುಂಡು. ಅಂಡರ್‌ವುಡ್‌ನವರು ಲೀಹೈ ಕಂಪನಿಯ ಪೂರ್ತಿ ತಾಮ್ರದ ಗುಂಡು ತುಂಬುತ್ತಾರೆ. ಅದರ ತುದಿ ಸ್ಟಾರ್ ಸ್ಕ್ರೂಡ್ರೈವರ್ ಥರ ಇರುತ್ತದೆ. ಅರಳುವ ಮಾತೇ ಇಲ್ಲ. ಚಪ್ಪಟೆ ಮೂತಿಯ ಗಟ್ಟಿ ಸೀಸದ 100 ಗ್ರೇನಿನ ಗುಂಡೂ ಸಿಗುತ್ತದೆ. ಕೊನೆಗೆ ನನ್ನ ಟೇಬಲ್ ಮೇಲಿರುವ ಆ ಗುಂಡಗಿನದು, ಮೈತುಂಬ ತಾಮ್ರದ ಕವಚ ಇರುವ 95 ಗ್ರೇನಿನ ಸಾದಾ ಗುಂಡು.

ನನ್ನ ಅಭಿಪ್ರಾಯ ಹೇಳಬೇಕಾ? .380ರಲ್ಲಿ ನಾನು ಆಳವನ್ನು ಮೊದಲು ನೋಡುತ್ತೇನೆ. ಮುಟ್ಟಬೇಕಾದದ್ದನ್ನು ಮುಟ್ಟದ ದೊಡ್ಡ ತೂತಿಗಿಂತ, ಮುಟ್ಟುವ ಸಣ್ಣ ತೂತು ಮೇಲು. ಮಯಾಮಿಯಿಂದ ಸಿಕ್ಕ ಪಾಠ ಅದೇ. ಹಾಗಾಗಿ ಸ್ವಲ್ಪವೇ ಅರಳಿ 12 ಇಂಚಿನ ಹತ್ತಿರ ಹೋಗುವ ಎಕ್ಸ್‌ಟಿಪಿ ಥರದ ಗುಂಡು ನನ್ನ ಮೊದಲ ಆಯ್ಕೆ. ಅದು ನಿಮ್ಮ ಪಿಸ್ತೂಲಿಗೆ ಒಗ್ಗದಿದ್ದರೆ ಚಪ್ಪಟೆ ಮೂತಿಯದ್ದು. ಅದೂ ಸಿಗದಿದ್ದರೆ ಸಾದಾ ಗುಂಡು. ಬಹಳ ಅರಳುತ್ತದೆ, ಹಗುರ, ಭಾರೀ ವೇಗ ಅಂತ ಬಣ್ಣಿಸುವ 60, 70 ಗ್ರೇನಿನ ಹಾಲೋ ಪಾಯಿಂಟ್‌ಗಳನ್ನು ನಾನು ಮುಟ್ಟುವುದಿಲ್ಲ. ಇದಕ್ಕೆ ಒಪ್ಪದ ಅನುಭವಿಗಳೂ ಇದ್ದಾರೆ. ಬೇಸಿಗೆಯಲ್ಲಿ ಒಂದು, ಚಳಿಗಾಲದಲ್ಲಿ ಒಂದು ತೋಟಾ ಇಡುವವರೂ ಇದ್ದಾರೆ. ಅದರಲ್ಲೂ ಅರ್ಥ ಇದೆ.

‘+ಪಿ’ ಅಂತ ಬರೆದ ತೋಟಾ ಕಂಡರೆ ಸ್ವಲ್ಪ ನಿಲ್ಲಿ. ಅಂದರೆ ಮಾಮೂಲಿಗಿಂತ ಜಾಸ್ತಿ ಒತ್ತಡದ್ದು ಅಂತ. 9 ಎಂಎಂಗೆ ಹಾಗೊಂದು ಒಪ್ಪಿತ ಅಳತೆ ಇದೆ. ಅಮೆರಿಕದ ತೋಟಾ ತಯಾರಕರ ಸಂಸ್ಥೆ ಸಾಮಿ ಅದನ್ನು ಗೊತ್ತುಮಾಡಿದೆ. .380ಕ್ಕೆ ಅಂಥ ಅಳತೆಯೇ ಇಲ್ಲ. ಹಾಗಾಗಿ ಆ ಪೆಟ್ಟಿಗೆಯಲ್ಲಿ ಎಷ್ಟು ಒತ್ತಡ ಇದೆ ಅಂತ ಹೇಳುವ ಗಡಿ ಯಾವುದೂ ಇಲ್ಲ. 270 ಗ್ರಾಂನ ಪಿಸ್ತೂಲಿಗೆ ಅದನ್ನು ತುಂಬುವ ಮೊದಲು ಪಿಸ್ತೂಲಿನ ಕೈಪಿಡಿ ಓದಿ. ಬಹಳಷ್ಟು ಕೈಪಿಡಿಗಳು ಬೇಡ ಅನ್ನುತ್ತವೆ.

.380ಕ್ಕಿಂತ ಚಿಕ್ಕವು

.32 ಎಸಿಪಿ ಬ್ರೌನಿಂಗ್‌ರ ಇನ್ನೂ ಹಳೆಯ ತೋಟಾ, 1899ರದ್ದು. ನಮ್ಮ ದೇಶದವರಿಗೂ .32 ಅನ್ನುವ ಅಳತೆ ಪರಿಚಿತ. ಭಾರತದಲ್ಲಿ 9 ಎಂಎಂ ಸಾಮಾನ್ಯ ನಾಗರಿಕರಿಗೆ ನಿಷಿದ್ಧ, ಹಾಗಾಗಿ ಲೈಸೆನ್ಸ್ ಇರುವವರ ಕೈಯಲ್ಲಿ ಹೆಚ್ಚಾಗಿ ಕಾಣುವುದು .32ರ ರಿವಾಲ್ವರ್, ಪಿಸ್ತೂಲುಗಳೇ. ಈ ತೋಟಾದಲ್ಲಿ ಒಂದು ತೊಡಕಿದೆ. ಇದರ ಬುಡದ ಅಂಚು ಕೊಳವೆಗಿಂತ ಚೂರು ಹೊರಗೆ ಚಾಚಿರುತ್ತದೆ. ಪಿಸ್ತೂಲಿನ ಹಿಡಿಯೊಳಗೆ ತೋಟಾ ಒಂದರ ಮೇಲೊಂದು ಕೂರುವ ಡಬ್ಬಿ ಮ್ಯಾಗಜೀನು. ಅದರಲ್ಲಿ ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿನ ಹಿಂದೆ ಸಿಕ್ಕಿಕೊಂಡರೆ ಮುಗಿಯಿತು. ಮೇಲಿನದು ಮುಂದಕ್ಕೆ ಹೋಗುವುದಿಲ್ಲ, ಕೈಯಲ್ಲಿ ಎಷ್ಟು ಎಳೆದರೂ ಬಿಡುವುದಿಲ್ಲ. ಹಾಲೋ ಪಾಯಿಂಟ್ ತೋಟಾಗಳು ಸಾದಾ ತೋಟಾಗಿಂತ ಗಿಡ್ಡ. ಮ್ಯಾಗಜೀನಿನಲ್ಲಿ ಹಿಂದೆ ಮುಂದೆ ಅಲುಗಾಡಲು ಜಾಗ ಸಿಗುತ್ತದೆ. ಸಿಕ್ಕಿಕೊಳ್ಳುವುದು ಆಗಲೇ ಜಾಸ್ತಿ. ಅದಕ್ಕೇ .32ರಲ್ಲಿ ಸಾದಾ 71 ಗ್ರೇನಿನ ಗುಂಡನ್ನೇ ಹಾಕಿ ಅನ್ನುತ್ತೇನೆ. ಆಳಕ್ಕೂ ಅದೇ ಸರಿ.

.25 ಎಸಿಪಿಯ ಶಕ್ತಿ 90 ಜೂಲ್ ಆಸುಪಾಸು. ಅದರಲ್ಲಿ ಅರಳುವ ಗುಂಡಿನ ಆಸೆ ಬಿಡಿ. ಸಾದಾ 50 ಗ್ರೇನಿನದು ಹಾಕಿ.

.22 ಎಲ್‌ಆರ್ ಅಗ್ಗ, ಸದ್ದು ಕಮ್ಮಿ, ಒದೆತ ಇಲ್ಲವೇ ಇಲ್ಲ ಅನ್ನಬಹುದು. ಕೈ ನೋವಿರುವ ಹಿರಿಯರಿಗೆ ಅದೊಂದೇ ಸಾಧ್ಯ ಆಗಿರಬಹುದು. ಅದರ ದೋಷ ಬೇರೆ ಕಡೆ ಇದೆ. ಅದಕ್ಕೆ ಮಧ್ಯದಲ್ಲಿ ಪ್ರೈಮರ್ ಇಲ್ಲ. ಕಿಡಿ ಹುಟ್ಟಿಸುವ ಮಿಶ್ರಣ ಬುಡದ ಅಂಚಿನೊಳಗೆ ಸುತ್ತಲೂ ಹರಡಿರುತ್ತದೆ. ಎಲ್ಲೋ ಒಂದು ಕಡೆ ಮಿಶ್ರಣ ಸರಿಯಾಗಿ ಹರಡಿರದೆ, ಸೂಜಿ ಅಲ್ಲೇ ಹೊಡೆದರೆ ‘ಟಿಕ್’ ಅನ್ನುತ್ತದೆ, ಅಷ್ಟೆ. ಅಭ್ಯಾಸದಲ್ಲಿ ಅದು ಬೇಸರ ಮಾತ್ರ. ಪ್ರಾಣದ ಪ್ರಶ್ನೆಯಲ್ಲಿ ಹಾಗಲ್ಲ. ಫೆಡರಲ್ ಕಂಪನಿ ಪಂಚ್ ಅನ್ನುವ ಹೆಸರಲ್ಲಿ 29 ಗ್ರೇನಿನ .22 ತೋಟಾ ಮಾಡುತ್ತದೆ. ಅದು ಅರಳುವುದಕ್ಕಲ್ಲ, ಗಿಡ್ಡ ನಳಿಗೆಯಿಂದ ಆಳ ಹೋಗುವುದಕ್ಕೆ ಮಾಡಿದ್ದು. ದೊಡ್ಡ ಕಂಪನಿಯೂ ಚಿಕ್ಕ ತೋಟಾಗೆ ಬಂದಾಗ ಆಳದ ಕಡೆಗೇ ವಾಲಿತು ನೋಡಿ.

ಪಿಸ್ತೂಲು ಒಪ್ಪಬೇಕು

ಇಷ್ಟೆಲ್ಲ ಹೇಳಿದ ಮೇಲೂ ಕೊನೆಯ ಮಾತು ನಿಮ್ಮ ಪಿಸ್ತೂಲಿನದು. ಅದಕ್ಕೆ ಒಗ್ಗದ ತೋಟಾ ಎಷ್ಟು ಒಳ್ಳೆಯದಾದರೂ ಬೇಡ.

ಗುಂಡು ಹಾರಿದಾಗ ಪಿಸ್ತೂಲಿನ ಮೇಲ್ಭಾಗ, ಸ್ಲೈಡು, ಹಿಂದಕ್ಕೆ ಹೋಗುತ್ತದೆ. ಖಾಲಿ ಕೊಳವೆಯನ್ನು ಹೊರಗೆ ಎಸೆಯುತ್ತದೆ. ಮುಂದಕ್ಕೆ ಬರುವಾಗ ಮ್ಯಾಗಜೀನಿನ ಮೇಲಿನ ತೋಟಾವನ್ನು ತಳ್ಳಿ ಒಂದು ಇಳಿಜಾರಿನ ಮೇಲೆ ಹತ್ತಿಸಿ ನಳಿಗೆಯೊಳಗೆ ಕೂರಿಸುತ್ತದೆ. ಗುಂಡಗಿನ ಮೂತಿ ಆ ಇಳಿಜಾರಿನಲ್ಲಿ ಸಲೀಸಾಗಿ ಜಾರುತ್ತದೆ. ಅಗಲ ಗುಳಿಯ ಮೂತಿ ಅದರ ಅಂಚಿಗೆ ತಗುಲಿ ನಿಂತುಬಿಡಬಹುದು. ಚಿಕ್ಕ ಪಿಸ್ತೂಲಿನಲ್ಲಿ ಇದೆಲ್ಲ ನಡೆಯುವುದು ಬಹಳ ಇಕ್ಕಟ್ಟಿನಲ್ಲಿ. ಸ್ಲೈಡು ಹಗುರ, ಸ್ಪ್ರಿಂಗ್ ಬಿಗಿ. ಹಿಡಿತ ಸಡಿಲವಾದರೆ ಸ್ಲೈಡಿಗೆ ಪೂರ್ತಿ ಹಿಂದಕ್ಕೆ ಹೋಗುವ ಬಲ ಸಿಗುವುದಿಲ್ಲ. ಆಗ ಖಾಲಿ ಕೊಳವೆ ಅರ್ಧ ಹೊರಗೆ ಬಂದು ಒಲೆಯ ಚಿಮಣಿಯ ಹಾಗೆ ನಿಂತಿರುತ್ತದೆ.

ಆದ್ದರಿಂದ ಒಂದು ಪೆಟ್ಟಿಗೆ ಕೊಂಡು ನೇರ ಜೇಬಿಗೆ ಹಾಕಬೇಡಿ. ಫೈರಿಂಗ್ ರೇಂಜಿಗೆ ಒಯ್ಯಿರಿ. ನೀವು ಇಡಬೇಕೆಂದಿರುವ ಅದೇ ತೋಟಾ, ಅದೇ ಮ್ಯಾಗಜೀನು, ಕನಿಷ್ಠ ನೂರು ಸಲ ಹಾರಿಸಿ. ಎರಡು ಕೈಯಲ್ಲಿ ಹಾರಿಸಿ, ಒಂದು ಕೈಯಲ್ಲಿ ಹಾರಿಸಿ, ಎಡಗೈಯಲ್ಲೂ ಹಾರಿಸಿ. ಒಂದೇ ಒಂದು ಸಲ ಸಿಕ್ಕಿಕೊಂಡರೂ ಯಾಕೆ ಅಂತ ನೋಡಿ. ತಪ್ಪು ಹಿಡಿತದ್ದಾ, ಮ್ಯಾಗಜೀನಿನದ್ದಾ, ತೋಟಾದ್ದಾ ಅಂತ ತಿಳಿಯುವ ತನಕ ಅದನ್ನು ನಂಬಬೇಡಿ. ದುಬಾರಿ, ನಿಜ. ಆದರೆ ಜಾಹೀರಾತು ಹೇಳದ ಸತ್ಯ ಆ ನೂರು ತೋಟಾ ಹೇಳುತ್ತವೆ.

ಗುರಿಯೂ ಅಲ್ಲೇ ಗೊತ್ತಾಗುತ್ತದೆ. ಜೇಬಿನ ಪಿಸ್ತೂಲಿನ ಟ್ರಿಗರ್ ಉದ್ದ, ಭಾರ. ಹಿಡಿ ಗಿಡ್ಡ, ಕಿರುಬೆರಳಿಗೆ ಜಾಗವೇ ಇಲ್ಲ. ಗುರಿ ನೋಡುವ ಮೊನೆ ಸಾಸಿವೆ ಕಾಳಿನಷ್ಟು. ಏಳು ಅಡಿ ದೂರದ ಕಾಗದದ ಮೇಲೂ ಹೊಸಬರ ಗುಂಡು ಒಂದು ಅಡಿ ಪಕ್ಕಕ್ಕೆ ಹೋಗುವುದನ್ನು ನೋಡಿದ್ದೇನೆ. 90 ಗ್ರೇನಾ 99 ಗ್ರೇನಾ ಅಂತ ವಾರಗಟ್ಟಲೆ ಚರ್ಚಿಸಿ ತಿಂಗಳಿಗೊಮ್ಮೆಯೂ ಅಭ್ಯಾಸ ಮಾಡದವರು ಬೇಕಾದಷ್ಟಿದ್ದಾರೆ. ದಯವಿಟ್ಟು ಹಾಗಾಗಬೇಡಿ. ಅಭ್ಯಾಸಕ್ಕೆ ಅಗ್ಗದ 95 ಗ್ರೇನಿನ ಸಾದಾ ತೋಟಾ ಸಾಕು. ಒದೆತ ಹೆಚ್ಚುಕಮ್ಮಿ ಒಂದೇ.

ಗೋಡೆಯಾಚೆ ಯಾರಿದ್ದಾರೆ?

ಆಳ ಬೇಕು ಅಂದೆ. ಹಾಗಾದರೆ ಗುಂಡು ಹಾದು ಆಚೆ ಹೋದರೆ? ಇದು ನ್ಯಾಯವಾದ ಭಯ. ನಮ್ಮೂರಿನ ಜಂಬಿಟ್ಟಿಗೆ ಗೋಡೆ, ಇಟ್ಟಿಗೆ ಗೋಡೆ ಮನಸ್ಸಿನಲ್ಲಿ ಇಟ್ಟುಕೊಂಡು ಅಮೆರಿಕದ ಮನೆಯನ್ನು ಅಳೆಯಬೇಡಿ. ಅಲ್ಲಿ ಒಳಗೋಡೆ ಅಂದರೆ ಮರದ ಚೌಕಟ್ಟಿಗೆ ಎರಡೂ ಕಡೆ ಬಡಿದ ಜಿಪ್ಸಮ್ ಹಲಗೆ. ಮೊಳೆಯನ್ನು ಹೆಬ್ಬೆರಳಲ್ಲೇ ಒತ್ತಿ ಚುಚ್ಚಬಹುದು. ಹಾಲೋ ಪಾಯಿಂಟ್ ಆಗಲಿ, ಸಾದಾ ಆಗಲಿ, .22 ಆಗಲಿ, ಎಲ್ಲಾ ಆ ಗೋಡೆ ದಾಟುತ್ತವೆ. ಹಾಲೋ ಪಾಯಿಂಟಿನ ಗುಳಿಗೆ ಜಿಪ್ಸಮ್ ಪುಡಿ ತುಂಬಿದರೆ ಅದು ಅರಳುವುದೂ ಇಲ್ಲ. ಮಕ್ಕಳ ಕೋಣೆ ಯಾವ ದಿಕ್ಕಿಗಿದೆ ಅನ್ನುವುದನ್ನು ತೋಟಾ ನೋಡಿಕೊಳ್ಳುವುದಿಲ್ಲ. ಅದನ್ನು ನೀವೇ ಮೊದಲೇ ನಿಂತು ನೋಡಿ ಇಟ್ಟುಕೊಳ್ಳಬೇಕು.

ಅರಳುವ ಗುಂಡಿನ ಹೆಸರಿನ ಜೊತೆ ನಮ್ಮ ದೇಶದ ನಂಟೂ ಇದೆ. ಕೋಲ್ಕತ್ತದ ಹತ್ತಿರದ ಡಮ್‌ಡಮ್ ಶಸ್ತ್ರಾಗಾರದಲ್ಲಿ 1890ರ ದಶಕದಲ್ಲಿ ಬ್ರಿಟಿಷರು ತುದಿ ತೆರೆದ ರೈಫಲ್ ಗುಂಡು ಮಾಡಿದರು. ಅದರಿಂದಲೇ ‘ಡಮ್‌ಡಮ್ ಗುಂಡು’ ಅನ್ನುವ ಮಾತು ಜಗತ್ತಿಗೆಲ್ಲ ಹರಡಿತು. 1899ರ ಹೇಗ್ ಘೋಷಣೆ ಅರಳುವ ಗುಂಡುಗಳನ್ನು ಯುದ್ಧದಲ್ಲಿ ಬಳಸಬಾರದು ಅಂದಿತು. ಆ ನಿಷೇಧ ಯುದ್ಧಕ್ಕೆ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಪೊಲೀಸರೂ ನಾಗರಿಕರೂ ಹಾಲೋ ಪಾಯಿಂಟ್ ಬಳಸುತ್ತಾರೆ.

ನ್ಯೂಜೆರ್ಸಿ ಮಾತ್ರ ಬೇರೆ. ಅಲ್ಲಿ ಕನ್ನಡಿಗರು ಬಹಳ ಇರುವುದರಿಂದ ಬಿಡಿಸಿ ಹೇಳುತ್ತೇನೆ. ಅಲ್ಲಿ ಹಾಲೋ ಪಾಯಿಂಟ್ ಕೊಳ್ಳಬಹುದು, ಮನೆಯಲ್ಲಿ ಇಡಬಹುದು, ರೇಂಜಿಗೆ ಒಯ್ಯಬಹುದು. ಆದರೆ ಪಿಸ್ತೂಲು ಹೊತ್ತು ತಿರುಗಲು ಪರ್ಮಿಟ್ ಇದ್ದರೂ ಅದರಲ್ಲಿ ಹಾಲೋ ಪಾಯಿಂಟ್ ಹಾಕಿ ಸಾಮಾನ್ಯ ನಾಗರಿಕ ಹೊರಗೆ ಓಡಾಡುವ ಹಾಗಿಲ್ಲ. ಗುಳಿಗೆ ಪಾಲಿಮರ್ ತುಂಬಿದ ತೋಟಾಗಳನ್ನು ಹಾಲೋ ಪಾಯಿಂಟ್ ಅಂತ ಪರಿಗಣಿಸುವುದಿಲ್ಲ ಅನ್ನುವುದು ಅಲ್ಲಿನ ಸ್ಟೇಟ್ ಪೊಲೀಸರ ವಿವರಣೆ. ಆ ಕೆಂಪು ತುಂಡಿನ ತೋಟಾ ಅಲ್ಲಿ ಜನಪ್ರಿಯ ಆಗಿರುವುದು ಇದಕ್ಕೇ. ಪಕ್ಕದ ಪೆನ್ಸಿಲ್ವೇನಿಯಾದಿಂದ ಸೇತುವೆ ದಾಟಿ ಬರುವವರು ಇದನ್ನು ಮರೆಯಬಾರದು. ಕಾನೂನು ಬದಲಾಗುತ್ತಲೂ ಇರುತ್ತದೆ. ಹೊರಡುವ ಮೊದಲು ಒಮ್ಮೆ ನೋಡಿಕೊಳ್ಳಿ.

ಇಟ್ಟುಕೊಳ್ಳುವ ರೀತಿ

ಜೇಬಿನಲ್ಲಿ ಪಿಸ್ತೂಲು ಇಡುವವರು ಆ ಜೇಬಿನಲ್ಲಿ ಬೇರೇನೂ ಇಡಬಾರದು. ಬೀಗದ ಕೈ ಟ್ರಿಗರಿಗೆ ಸಿಕ್ಕಬಹುದು. ಟ್ರಿಗರ್ ಮುಚ್ಚುವ ಒರೆ, ಅಂದರೆ ಜೇಬಿನ ಹೋಲ್‌ಸ್ಟರ್ ಇಲ್ಲದೆ ಇಡಲೇಬೇಡಿ. ಬಟ್ಟೆಯ ನೂಲು, ಧೂಳು ಹಾಲೋ ಪಾಯಿಂಟಿನ ಗುಳಿಯಲ್ಲೂ ಸ್ಲೈಡಿನ ಸಂದಿಯಲ್ಲೂ ತುಂಬುತ್ತದೆ. ವಾರಕ್ಕೊಮ್ಮೆ ಬಿಚ್ಚಿ ನೋಡಿ.

ಇನ್ನೊಂದು ವಿಷಯ ನನಗೆ ತಡವಾಗಿ ಗೊತ್ತಾಯಿತು. ನಾನು ದಿನಾ ರಾತ್ರಿ ಪಿಸ್ತೂಲು ಖಾಲಿ ಮಾಡಿ, ಬೆಳಿಗ್ಗೆ ಅದೇ ಮೇಲಿನ ತೋಟಾವನ್ನು ಮತ್ತೆ ನಳಿಗೆಗೆ ಏರಿಸುತ್ತಿದ್ದೆ. ಕೆಲವು ತಿಂಗಳು ಕಳೆದ ಮೇಲೆ ಆ ತೋಟಾವನ್ನು ಹೊಸದೊಂದರ ಪಕ್ಕ ಟೇಬಲ್ ಮೇಲೆ ನೆಟ್ಟಗೆ ನಿಲ್ಲಿಸಿದೆ. ಕಣ್ಣಿಗೆ ಕಾಣುವಷ್ಟು ಗಿಡ್ಡವಾಗಿತ್ತು. ಪ್ರತಿ ಸಲ ಇಳಿಜಾರಿಗೆ ಬಡಿದು ಬಡಿದು ಗುಂಡು ಕೊಳವೆಯೊಳಗೆ ಕುಸಿದಿತ್ತು. ಗುಂಡು ಒಳಗೆ ಹೋದರೆ ಮದ್ದಿಗೆ ಇರುವ ಜಾಗ ಕಮ್ಮಿ, ಒತ್ತಡ ಜಾಸ್ತಿ. ಎಷ್ಟು ಜಾಸ್ತಿ ಅಂತ ಹಾರಿಸಿ ನೋಡುವ ವಿಷಯ ಅಲ್ಲ ಅದು. ಆ ತೋಟಾವನ್ನು ಬೇರೆ ಎತ್ತಿಟ್ಟು, ರೇಂಜಿನಲ್ಲಿ ಕೆಟ್ಟ ತೋಟಾ ಹಾಕುವ ಡಬ್ಬಿಗೆ ಹಾಕಿ ಬಂದೆ. ಈಗ ಒಂದೇ ತೋಟಾವನ್ನು ಎರಡು ಮೂರು ಸಲಕ್ಕಿಂತ ಜಾಸ್ತಿ ಏರಿಸುವುದಿಲ್ಲ.

ತೋಟಾದ ಬುಡವನ್ನೂ ಓದಿ. ಅಲ್ಲಿ ಪ್ರೈಮರ್ ಸುತ್ತ ಸಣ್ಣ ಅಕ್ಷರದಲ್ಲಿ ಕೆತ್ತಿರುತ್ತದೆ: 380 ಆಟೋ, ಅಥವಾ 9 ಎಂಎಂ ಲ್ಯೂಗರ್. ರಷ್ಯಾದ 9 ಎಂಎಂ ಮಕಾರೊವ್ ಅನ್ನುವ ಮೂರನೆಯದೂ ಇದೆ. ಹೆಸರಲ್ಲೆಲ್ಲ 9 ಇದೆ ಅಂತ ಒಂದರ ಬದಲು ಇನ್ನೊಂದು ಹಾಕುವ ಹಾಗಿಲ್ಲ. ಎರಡು ಪೆಟ್ಟಿಗೆಯ ತೋಟಾಗಳನ್ನು ಒಂದೇ ಡಬ್ಬಿಗೆ ಸುರಿಯುವ ಅಭ್ಯಾಸ ಬಿಡಿ.

ಮನೆಯಲ್ಲಿ ಇರುವಾಗ ಪಿಸ್ತೂಲು ಬೀಗದ ಪೆಟ್ಟಿಗೆಯಲ್ಲಿರಲಿ, ಉಳಿದ ತೋಟಾ ಇನ್ನೊಂದು ಬೀಗದಲ್ಲಿರಲಿ. ಅಮೆರಿಕದಲ್ಲಿ ಬಂದೂಕಿನಿಂದ ಆಗುವ ಸಾವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಆತ್ಮಹತ್ಯೆಗಳು. ಕಳ್ಳನಿಗೆ ಅಂತ ತಂದದ್ದು ಮನೆಯವರ ಕಷ್ಟದ ಒಂದು ರಾತ್ರಿಯಲ್ಲಿ ಕೈಗೆ ಸಿಗಬಾರದು. ಮನೆಯಲ್ಲಿ ಯಾರಾದರೂ ಮಂಕಾಗಿದ್ದಾರೆ ಅನಿಸಿದರೆ ಆ ದಿನಗಳಲ್ಲಿ ಅದು ಮನೆಯಲ್ಲೇ ಇರದಿರಲಿ.

ಊರಿಗೆ ಹೊರಡುವವರಿಗೆ ಒಂದು ಮಾತು. ರೇಂಜಿಗೆ ಒಯ್ಯುವ ಬ್ಯಾಗನ್ನೇ ಬೆಂಗಳೂರಿನ ವಿಮಾನಕ್ಕೆ ತೆಗೆದುಕೊಳ್ಳಬೇಡಿ. ಮೂಲೆಯಲ್ಲಿ ಉಳಿದ ಒಂದು ತೋಟಾ ಸಾಕು, ವಿಮಾನ ನಿಲ್ದಾಣದ ಸ್ಕ್ಯಾನರಿನಲ್ಲಿ ಅದು ಕಂಡರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಕೆಳಗೆ ಕೇಸು ಬೀಳಬಹುದು. ಗೊತ್ತಿಲ್ಲದೆ ಬಂತು ಅಂತ ಆಮೇಲೆ ಕೋರ್ಟಿನಲ್ಲಿ ಹೇಳಬೇಕಾಗುತ್ತದೆ. ಬೇರೆ ಬ್ಯಾಗ್ ತೆಗೆದುಕೊಳ್ಳಿ. ಅದೇ ಬೇಕೆಂದರೆ ಹಾಸಿಗೆ ಮೇಲೆ ತಲೆಕೆಳಗೆ ಮಾಡಿ ಕೊಡವಿ, ಪ್ರತಿ ಜೇಬಿಗೂ ಕೈ ಹಾಕಿ, ಒಳಗಿನ ಅಸ್ತರಿ ಹರಿದಿದೆಯಾ ಅಂತಲೂ ನೋಡಿ.